ಕಕ್ಕಡದ ಮಳೆ ಬಿಟ್ಟು ಬಾಸ್ಕಿಂಗ್ ಶಾರ್ಕ್ ನೋಡಲು ಹೋದದ್ದು

ಕೊಡಗಿನ ಮೂರ್ನಾಡಿನ ಕಡೆಯ ಕಾಫಿ ಬೆಳೆಗಾರನೊಬ್ಬ ಆಗಸ್ಟ್ ತಿಂಗಳಲ್ಲಿ ತೋಟ ಬಿಟ್ಟು ಸ್ಕಾಟ್ಲೆಂಡಿಗೆ ಹೊರಟರೆ ನೆಂಟರಿಷ್ಟರಿಗೆ ಉತ್ತರ ಹೇಳಿ ಮುಗಿಯುವುದಿಲ್ಲ. ಕಾಫಿಗೆ ಕೊಳೆರೋಗ ತಗಲುವ ಕಾಲವೂ ಅದೇ, ಗದ್ದೆಯಲ್ಲಿ ನಾಟಿಯ ಕಾಲವೂ ಅದೇ. ಅದಕ್ಕಿಂತ ಹೆಚ್ಚಾಗಿ, 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡವರು ಆ ತಿಂಗಳು ಮನೆಯಿಂದ ದೂರವಿರಲು ಹಿಂಜರಿಯುತ್ತಾರೆ. ಆದರೆ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳ ಸುತ್ತ ಬಾಸ್ಕಿಂಗ್ ಶಾರ್ಕ್‌ಗಳು ನೀರಿನ ಮೇಲೆ ಕಾಣಸಿಗುವ ಒಳ್ಳೆಯ ಸಮಯ ಜುಲೈ ಕೊನೆಯಿಂದ ಆಗಸ್ಟ್ ಕಳೆಯುವವರೆಗೆ. ಮೀನು ನಮ್ಮ ಕಕ್ಕಡವನ್ನು, ಅಂದರೆ ಕೊಡಗಿನ ಜಡಿಮಳೆಯ ತಿಂಗಳನ್ನು, ಕೇಳಿಕೊಂಡು ಬರುವುದಿಲ್ಲ, ನಾನೇ ಹೊಂದಿಕೊಳ್ಳಬೇಕಾಯಿತು. ಎರಡು ವರ್ಷಗಳಲ್ಲಿ ಎರಡು ಸಲ ಹೋದೆ. ಮೊದಲ ಸಲ ಒಂದನ್ನೂ ನೋಡಲಿಲ್ಲ.

ಈ ಹುಚ್ಚು ಹಿಡಿಸಿದ್ದು ಗ್ಲಾಸ್ಗೋದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗಳು. ಅವಳು ಕಳುಹಿಸಿದ ಒಂದು ವಿಡಿಯೋದಲ್ಲಿ ದೋಣಿಯಷ್ಟೇ ಉದ್ದದ ಮೀನೊಂದು ಬಾಯಿ ಅಗಲಿಸಿಕೊಂಡು, ಯಾವ ಅವಸರವೂ ಇಲ್ಲದೆ ಸಾಗುತ್ತಿತ್ತು. ಕಾವೇರಿಯ ಮಹಶೀರ್ ಮೀನನ್ನೇ ದೊಡ್ಡದೆಂದು ನಂಬಿ ಬೆಳೆದವನಿಗೆ, ಸಮುದ್ರವೆಂದರೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋದಾಗ ಸಂಜೆ ಒಂದು ಗಂಟೆ ನೋಡಿ ಬರುವ ವಸ್ತುವಾಗಿದ್ದವನಿಗೆ, ಅದು ತಲೆಯಿಂದ ಹೋಗಲಿಲ್ಲ.

ಜಗತ್ತಿನ ಮೀನುಗಳಲ್ಲಿ ತಿಮಿಂಗಿಲ ಶಾರ್ಕ್ ಬಿಟ್ಟರೆ ಅತಿ ದೊಡ್ಡದು ಇದೇ. ಸಾಮಾನ್ಯವಾಗಿ 6ರಿಂದ 8 ಮೀಟರ್ ಉದ್ದ, ಕೆಲವು 10 ಮೀಟರನ್ನೂ ಮೀರುತ್ತವೆ. ಬಾಯಿ ಸುಮಾರು ಒಂದು ಮೀಟರ್ ಅಗಲ ತೆರೆಯುತ್ತದೆ. ಆದರೆ ಹಲ್ಲುಗಳು ಅತಿ ಸಣ್ಣವು, ಅದು ತಿನ್ನುವುದು ನೀರಿನಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಪುಟ್ಟ ಜೀವಿಗಳನ್ನು. ಬಾಯಿಯಿಂದ ಒಳಹೊಕ್ಕ ನೀರು ಕಿವಿರುಗಳ ಮೂಲಕ ಹೊರಬೀಳುವಾಗ ಅಲ್ಲಿರುವ ಬಾಚಣಿಗೆಯಂಥ ಎಳೆಗಳು ಆಹಾರವನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಂಟೆಗೆ ನೂರಾರು ಟನ್ ನೀರು ಹೀಗೆ ಸೋಸಿಹೋಗುತ್ತದೆ. ‘ಬಿಸಿಲು ಕಾಯುವ ಶಾರ್ಕ್’ ಎಂಬ ಅರ್ಥದ ಇಂಗ್ಲಿಷ್ ಹೆಸರು ನೋಡಿದವರ ತಪ್ಪು ಕಲ್ಪನೆ. ಅದು ಮೇಲೆ ಬರುವುದು ಬಿಸಿಲಿಗಲ್ಲ, ಊಟ ಮೇಲ್ಪದರದಲ್ಲಿ ದಟ್ಟವಾಗಿರುವುದರಿಂದ.

ಈ ಕೊನೆಯ ಮಾತು, ಅಂದರೆ ಮೀನು ಮೇಲೆ ಬರುವುದು ಊಟ ಸಿಗುವ ದಿನವೇ ಹೊರತು ನಾನು ಗೊತ್ತುಮಾಡಿದ ದಿನವಲ್ಲ ಎಂಬುದು, ಮೊದಲೇ ಸರಿಯಾಗಿ ಅರ್ಥವಾಗಿದ್ದರೆ ನನ್ನ ಮೊದಲ ಪ್ರಯಾಣದ ಹಣ ಉಳಿಯುತ್ತಿತ್ತು. ಆ ಸಲ ನಾನು ದ್ವೀಪದಲ್ಲಿ ಇಟ್ಟುಕೊಂಡದ್ದು ಮೂರೇ ದಿನ, ದೋಣಿಗೆ ಮುಂಗಡ ಕೊಟ್ಟದ್ದು ಒಂದು ದಿನಕ್ಕೆ. ಮೊದಲ ದಿನ ಗಾಳಿ, ದೋಣಿ ಹೊರಡಲಿಲ್ಲ. ಎರಡನೆಯ ದಿನ ಹೊರಟಿತು, ಆದರೆ ನೊರೆತಲೆಯ ಅಲೆಗಳ ನಡುವೆ ರೆಕ್ಕೆ ಯಾವುದು, ಅಲೆ ಯಾವುದು ಎಂದು ಗೊತ್ತಾಗದೆ, ಜೇಬಿನಲ್ಲಿದ್ದ ಒಣಶುಂಠಿಯನ್ನು ಅಗಿಯುತ್ತಾ ಕುಳಿತೆ. ಮೂರನೆಯ ದಿನ ಮಂಜು. ದೋಣಿಯವರನ್ನು ದೂರುವಂತಿಲ್ಲ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಇಂಥ ದಿನವೇ ಬೀಳಬೇಕೆಂದು ಮೊದಲೇ ಬರೆದಿಟ್ಟುಕೊಂಡು ಕೂರುವ ಬೆಳೆಗಾರ ಇದ್ದಾನೆಯೇ? ಅಂಥ ಮೂರ್ಖತನವನ್ನು ಊರಿನಲ್ಲಿ ಮಾಡದವನು ಅಲ್ಲಿ ಮಾಡಿದ್ದೆ.

ಎರಡನೆಯ ವರ್ಷ ಒಂಬತ್ತು ದಿನ ಇಟ್ಟುಕೊಂಡೆ. ಗ್ಲಾಸ್ಗೋದಿಂದ ರೈಲಿನಲ್ಲಿ ಓಬನ್, ಅಲ್ಲಿಂದ ಮೂರು ಗಂಟೆಗೆ ತುಸು ಕಡಿಮೆ ಅವಧಿಯ ಹಡಗಿನಲ್ಲಿ ಕೋಲ್ ದ್ವೀಪ. ಕೋಲ್ ಮತ್ತು ಟೈರೀ ದ್ವೀಪಗಳ ನಡುವೆ ಗನ್ನಾ ಎಂಬ ಕಿರಿದಾದ ಜಲಸಂಧಿಯಿದೆ. ಉಬ್ಬರವಿಳಿತದ ಸೆಳೆತಕ್ಕೆ ಅಲ್ಲಿ ನೀರು ಕಲಕಿ ಪ್ಲಾಂಕ್ಟನ್ ಒಟ್ಟುಗೂಡುತ್ತದೆ. ಇದು ಸೇರಿದಂತೆ ಹೆಬ್ರಿಡೀಸ್ ಸಮುದ್ರದ ಬಹುಭಾಗವನ್ನು 2020ರ ಡಿಸೆಂಬರಿನಲ್ಲಿ ಈ ಶಾರ್ಕ್ ಮತ್ತು ಮಿಂಕಿ ತಿಮಿಂಗಿಲಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ನಾಲ್ಕು ದಿನ ಗಾಳಿ ಬೀಸಿತು. ನಾನು ಊರಿನಲ್ಲಿ ಮಳೆಯ ಇಂಚು ಬರೆಯುವ ಹಾಗೆಯೇ ಪುಸ್ತಕದಲ್ಲಿ ಗಾಳಿಯ ದಿಕ್ಕು ಬರೆದುಕೊಂಡು, ದಡದ ಬಂಡೆಯ ಮೇಲೆ ಬೈನಾಕ್ಯುಲರ್ ಹಿಡಿದು ಕುಳಿತೆ. ಐದನೆಯ ದಿನ ಬೆಳಿಗ್ಗೆ ಸಮುದ್ರ ಎಣ್ಣೆ ಸವರಿದಂತೆ ನಯವಾಗಿತ್ತು.

ದೋಣಿಯ ಮಾರ್ಗದರ್ಶಿ ಶಾರ್ಕ್ ಹುಡುಕಲು ಹೋಗಲಿಲ್ಲ. ಮೊದಲು ತೆಳುಬಟ್ಟೆಯ ಸಣ್ಣ ಬಲೆಯೊಂದನ್ನು ನೀರಿನಲ್ಲಿ ಎಳೆದು, ಸಿಕ್ಕಿದ್ದನ್ನು ಗಾಜಿನ ಜಾಡಿಗೆ ಸುರಿದು ನನ್ನ ಕೈಗೆ ಕೊಟ್ಟ. ಬೆಳಕಿಗೆ ಹಿಡಿದಾಗ ಎಳ್ಳಿನ ಗಾತ್ರದ, ಕೆಂಪು ಛಾಯೆಯ ನೂರಾರು ಜೀವಿಗಳು ಮೀಸೆ ಚಾಚಿಕೊಂಡು ಕುಪ್ಪಳಿಸುತ್ತಿದ್ದವು. ಕ್ಯಾಲನಸ್ ಎಂಬ ಈ ಜೀವಿಯೇ ಶಾರ್ಕಿನ ಮುಖ್ಯ ಆಹಾರ. ಜಾಡಿ ಹೀಗೆ ತುಂಬಿದ ಜಾಗದಲ್ಲೇ ಎಂಜಿನ್ ನಿಲ್ಲಿಸಿ ಕಾಯಬೇಕು ಎಂದ. ಒಂದು ಗಂಟೆ ಕಾದೆವು.

ಮೊದಲು ಕಂಡದ್ದು ಕಪ್ಪು ತ್ರಿಕೋನದ ಬೆನ್ನುರೆಕ್ಕೆ, ಅದರ ಹಿಂದೆ ಅತ್ತಿತ್ತ ಆಡುವ ಬಾಲದ ತುದಿ, ಮುಂದೆ ಆಗಾಗ ಮೇಲೇಳುವ ಮೂತಿ. ಮೂರೂ ಒಂದೇ ಗೆರೆಯಲ್ಲಿ. ಎರಡು ಮೂರು ಮೀನುಗಳೆಂದು ಹೊಸಬರು ಎಣಿಸುವುದು ಇಲ್ಲಿಯೇ, ನಾನೂ ಎರಡೆಂದೇ ಬರೆದುಕೊಂಡಿದ್ದೆ. ಗುರುತಿಸುವ ಉಪಾಯ ಸುಲಭ: ಡಾಲ್ಫಿನ್ ಮತ್ತು ತಿಮಿಂಗಿಲಗಳು ಬಾಲವನ್ನು ಮೇಲೆ ಕೆಳಗೆ ಬಡಿಯುತ್ತವೆ, ಆದ್ದರಿಂದ ಬೆನ್ನು ಕಮಾನಿನಂತೆ ಎದ್ದು ಮುಳುಗುತ್ತದೆ; ಶಾರ್ಕ್ ಬಾಲವನ್ನು ಪಕ್ಕಕ್ಕೆ ಬೀಸುವುದರಿಂದ ಬೆನ್ನುರೆಕ್ಕೆ ಮುಳುಗದೆ ಒಂದೇ ಸಮನೆ ಸಾಗುತ್ತದೆ.

ಹತ್ತಿರ ಹೋಗುವುದಕ್ಕೂ ಕ್ರಮವಿದೆ. ಶಾರ್ಕ್ ಇರುವಲ್ಲಿ ದೋಣಿಯ ವೇಗ 6 ನಾಟ್ (ಗಂಟೆಗೆ ಸುಮಾರು 11 ಕಿಲೋಮೀಟರ್) ಮೀರಬಾರದು, 100 ಮೀಟರ್ ಒಳಗೆ ಬಂದರೆ ಎಂಜಿನ್ ನ್ಯೂಟ್ರಲ್‌ನಲ್ಲಿರಬೇಕು. ನೀರಿಗಿಳಿದವರು ನಾಲ್ವರಿಗಿಂತ ಹೆಚ್ಚಿರಬಾರದು, ಮೀನಿನಿಂದ 4 ಮೀಟರ್ ದೂರ ಉಳಿಯಬೇಕು. ನಾನು ಇಳಿಯಲಿಲ್ಲ. ಜೊತೆಗೆ ಬಂದಿದ್ದ ತಮ್ಮನ ಮಗಳು ದಪ್ಪ ಈಜುಡುಗೆ ತೊಟ್ಟು ಇಳಿದಳು. ಶಾರ್ಕ್ ತಾನಾಗಿಯೇ ದೋಣಿಯ ಪಕ್ಕಕ್ಕೆ ಬಂದಾಗ ನನಗೆ ಕಂಡದ್ದು ಬಾಯಿಯ ಒಳಗಿನ ಬಿಳುಪು; ಕತ್ತಿನ ಸುತ್ತ ಸುತ್ತಿ ಬಂದಂತಿದ್ದ ಕಿವಿರುಗಳ ಐದು ಸೀಳುಗಳು ಹಂದರದಂತೆ ಉಬ್ಬಿ ನಿಂತಿದ್ದವು. ಅರ್ಧ ನಿಮಿಷ ದಾಟಿದ ಮೇಲೆ ಬಾಯಿ ಮುಚ್ಚಿತು, ಸೀಳುಗಳು ಮಡಚಿಕೊಂಡವು, ಸೋಸಿದ್ದನ್ನು ನುಂಗಿತು, ಮತ್ತೆ ಬಾಯಿ ತೆರೆಯಿತು. ನಡಿಗೆಗಿಂತ ನಿಧಾನ, ಗಂಟೆಗೆ ಸುಮಾರು 3 ಕಿಲೋಮೀಟರ್. ಮೇಲೆ ಹತ್ತಿದ ಮಗಳು ನಡುಗುತ್ತಾ ಹೇಳಿದಳು: “ದೊಡ್ಡಪ್ಪ, ನಾನು ಹೆದರಿಕೊಂಡೇ ಇಳಿದೆ, ಅದು ನನ್ನ ಕಡೆ ತಿರುಗಿಯೂ ನೋಡಲಿಲ್ಲ.”

ಇಷ್ಟು ಸಾಧುವಾದುದರಿಂದಲೇ ಅದನ್ನು ಕೊಲ್ಲುವುದೂ ಸುಲಭವಾಗಿತ್ತು. ದೇಹದ ತೂಕದ ಕಾಲುಭಾಗದವರೆಗೂ ಬರುವ ಯಕೃತ್ತಿನಲ್ಲಿ ಎಣ್ಣೆ ತುಂಬಿರುತ್ತದೆ. ಐರ್ಲೆಂಡಿನ ಅಖಿಲ್ ದ್ವೀಪವೊಂದರಲ್ಲೇ 1947ರಿಂದ 1975ರವರೆಗೆ 12,000ಕ್ಕೂ ಹೆಚ್ಚು ಶಾರ್ಕ್‌ಗಳನ್ನು ಇದಕ್ಕಾಗಿ ಹಿಡಿದರು. ಬ್ರಿಟನ್ನಿನಲ್ಲಿ 1998ರಿಂದ, ಐರ್ಲೆಂಡಿನಲ್ಲಿ 2022ರಿಂದ ಕಾನೂನಿನ ರಕ್ಷಣೆಯಿದೆ. ಚಳಿಗಾಲದಲ್ಲಿ ಅವು ಕಾಣೆಯಾಗುವುದರಿಂದ ಸಮುದ್ರದ ತಳದಲ್ಲಿ ನಿದ್ರೆ ಹೋಗುತ್ತವೆ ಎಂದು ಬಹುಕಾಲ ನಂಬಿದ್ದರು. ಉಪಗ್ರಹದ ಟ್ಯಾಗ್ ಹಾಕಿ ನೋಡಿದ ಮೇಲೆ, ಅವು ಆಳಕ್ಕಿಳಿದು ಚಟುವಟಿಕೆಯಿಂದಲೇ ಇರುವುದು, ಅಮೆರಿಕದ ಪೂರ್ವ ತೀರದ ಕೆಲವು ಬ್ರೆಜಿಲಿನವರೆಗೂ ಆಳದಲ್ಲೇ ಸಾಗಿಹೋಗುವುದು ತಿಳಿಯಿತು.

ಹೊರಡುವವರಿಗೆ ನನ್ನ ಸಲಹೆ, ದೋಣಿಗಿಂತ ಮೊದಲು ಬಿಡುವಿನ ದಿನಗಳನ್ನು ಹೊಂದಿಸಿಕೊಳ್ಳಿ. ಒಂದು ವಾರಕ್ಕಿಂತ ಕಡಿಮೆಯಾದರೆ ಹೋಗದಿರುವುದೇ ಲೇಸು. ದಡದಿಂದ ನೋಡುವುದಾದರೆ ಐರ್ಲೆಂಡಿನ ಮಾಲಿನ್ ಹೆಡ್, ಅಖಿಲ್‌ನ ಕೀಮ್ ಕೊಲ್ಲಿಯ ಮೇಲಿನ ಗುಡ್ಡ, ಐರ್ಲೆಂಡ್ ಮತ್ತು ಬ್ರಿಟನ್ ನಡುವಿನ ದ್ವೀಪ ಐಲ್ ಆಫ್ ಮ್ಯಾನ್‌ನ ಪಶ್ಚಿಮ ತೀರ ಇವೆ. ಐರ್ಲೆಂಡಿನಲ್ಲಿ ಮೇ ತಿಂಗಳಲ್ಲೇ ಅವು ಮೇಲೆ ಕಾಣತೊಡಗುತ್ತವೆ. ಹಾಗಾಗಿ ಮುಂದಿನ ಸಲ ಕೀಮ್ ಕೊಲ್ಲಿಗೇ ಹೋಗುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ. ಜೂನ್ ಮೊದಲ ಮಳೆಗೆ ಮುನ್ನ ನಾನು ಮೂರ್ನಾಡಿನಲ್ಲಿರಬೇಕು ಎಂಬುದು ಹೆಂಡತಿಯ ಷರತ್ತು.