ಕೋವಿ ಪರವಾನಗಿಗೆ ಮನೋವೈದ್ಯರ ಕಡತ ಕೊಡಬೇಕೆ?

ಜಯನಗರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಪರಿಚಯದವರೊಬ್ಬರು ಸಿಕ್ಕಿದ್ದರು. ಕೈಯಲ್ಲಿ ದಪ್ಪನೆಯ ಕಡತ. ಮೂಡಿಗೆರೆಯ ತೋಟದಲ್ಲಿದ್ದ, ತೀರಿಹೋದ ತಂದೆಯ ಜೋಡಿನಳಿಗೆ ಕೋವಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಕೆಲವು ವರ್ಷಗಳ ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದರು. ‘ಎಲ್ಲ ಕಾಗದವನ್ನೂ ಅರ್ಜಿಗೆ ಲಗತ್ತಿಸಿ, ಇಲ್ಲದಿದ್ದರೆ ಮುಚ್ಚಿಟ್ಟ ಹಾಗಾಗುತ್ತದೆ’ ಎಂದು ಯಾರೋ ಹೆದರಿಸಿದ್ದರಂತೆ. ವೈದ್ಯರ ಮುಂದೆ ಅತ್ತು ಹೇಳಿಕೊಂಡ ಮನೆಯ ಮಾತುಗಳೂ ಆ ಹಾಳೆಗಳಲ್ಲಿದ್ದವು. ಅಂಗಡಿಯ ಹುಡುಗ ಒಂದೊಂದನ್ನೇ ಗಾಜಿನ ಮೇಲೆ ಬೋರಲು ಹಾಕುತ್ತಿದ್ದ. ನಿಲ್ಲಿಸಿ ಎಂದೆ. ಅವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು ತಿಳಿದುಕೊಳ್ಳಿ

ನಮ್ಮ ದೇಶದಲ್ಲಿ ಬಂದೂಕು ಹೊಂದುವುದು ಮೂಲಭೂತ ಹಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸರ್ಕಾರ ಕೊಡುವ ಅನುಮತಿ. ‘ಅಸ್ವಸ್ಥಚಿತ್ತ’ರಿಗೆ, ಅಂದರೆ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರಿಗೆ, ಆ ಕಾಯ್ದೆ ಪರವಾನಗಿ ನಿರಾಕರಿಸುತ್ತದೆ. ಚಿಕಿತ್ಸೆ ಪಡೆದವರೆಲ್ಲ ಈ ಪದಕ್ಕೇ ಬೆದರುವುದು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಓದಿ. ಮಾನಸಿಕ ಕಾಯಿಲೆ ಇದೆ ಎಂದು ಗುರುತಿಸಿದ ಮಾತ್ರಕ್ಕೆ, ಸಕ್ಷಮ ನ್ಯಾಯಾಲಯ ಹಾಗೆಂದು ಘೋಷಿಸದ ಹೊರತು, ಯಾರೂ ಅಸ್ವಸ್ಥಚಿತ್ತರಾಗುವುದಿಲ್ಲ. ಹಿಂದೊಮ್ಮೆ ಆಸ್ಪತ್ರೆಯಲ್ಲಿ ಇದ್ದದ್ದೊಂದನ್ನೇ ಹಿಡಿದು ಇಂದಿನ ಸ್ಥಿತಿಯನ್ನು ತೀರ್ಮಾನಿಸುವಂತೆಯೂ ಇಲ್ಲ. ಖಿನ್ನತೆಗೆ ಆರು ತಿಂಗಳು ಮಾತ್ರೆ ನುಂಗಿದವರಿಗೆ ಹುಚ್ಚರ ಪಟ್ಟ ಕಟ್ಟುವುದು ಅನ್ಯಾಯ, ಕಾನೂನಿಗೂ ವಿರುದ್ಧ.

ಪ್ರಮಾಣಪತ್ರ ಮಾಡಿಸಿ, ಕಡತ ಮನೆಯಲ್ಲಿಡಿ

ಬೆಂಗಳೂರು ನಗರದಲ್ಲಿ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿಯೊಂದಿಗೆ ಎಸ್-3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ ಇರಬೇಕು. ದೈಹಿಕ, ಮಾನಸಿಕ ಆರೋಗ್ಯ ಹೇಗಿದೆ, ಅಮಲು ಪದಾರ್ಥಗಳ ದಾಸರಲ್ಲವೇ ಎಂಬುದನ್ನು ವೈದ್ಯರು ಅದರಲ್ಲಿ ಬರೆಯುತ್ತಾರೆ. ನಿಮ್ಮ ಸಂಕಟದ ಚರಿತ್ರೆಯನ್ನು ಅದು ಕೇಳುವುದಿಲ್ಲ.

ನಿಮಗೆ ಚಿಕಿತ್ಸೆ ಕೊಟ್ಟ ಮನೋವೈದ್ಯರನ್ನೇ ಮೊದಲು ಕಾಣಿ. ಹಳೆಯದನ್ನು ತಿಳಿದವರು ಈಗಿನ ಸ್ಥಿತಿಯ ಬಗ್ಗೆ ಬರೆದ ಒಂದು ಪುಟದ ಪತ್ರಕ್ಕೆ ಇರುವ ತೂಕ, ಐದು ನಿಮಿಷದಲ್ಲಿ ಸಹಿ ಹಾಕುವ ಅಪರಿಚಿತರ ಚೀಟಿಗೆ ಇರುವುದಿಲ್ಲ. ನಿಮ್ಮ ದಾಖಲೆಗಳನ್ನು ಪಡೆಯುವ ಹಕ್ಕು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿದೆ. ಪ್ರತಿ ತೆಗೆದುಕೊಂಡು ಬೀಗ ಹಾಕಿಡಿ. ಆಸ್ಪತ್ರೆಯ ಕಾಗದವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಧ್ಯವರ್ತಿಗಳಿಗೆ ಮಾತ್ರ ಕಳಿಸಲೇಬೇಡಿ.

ಆದರೆ ಸುಳ್ಳು ಬೇಡ. ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಬರೆಯಿರಿ. ಮುಖ್ಯ ಮಾಹಿತಿ ಮುಚ್ಚಿಟ್ಟು ಪಡೆದ ಪರವಾನಗಿಯನ್ನು ಶಸ್ತ್ರಾಸ್ತ್ರ ಕಾಯ್ದೆಯ 17ನೇ ಸೆಕ್ಷನ್‌ನಡಿ ರದ್ದುಪಡಿಸಬಹುದು.

ಠಾಣೆಯಿಂದ ವಿಚಾರಣೆ ಬಂದಾಗ

ಆಯುಕ್ತರು ಸ್ಥಳೀಯ ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. ಮನೆಗೆ ಬಂದವರು ಚಿಕಿತ್ಸೆಯ ಬಗ್ಗೆ ಕೇಳಿದರೆ ‘ಪಡೆದಿದ್ದೆ, ವೈದ್ಯರ ಪತ್ರ ಅರ್ಜಿಯಲ್ಲಿದೆ’ ಎನ್ನಿ, ಸಾಕು. ಕೇಳಿದವರಿಗೆಲ್ಲ ಕಡತ ತೆಗೆದುಕೊಡುವ ಸ್ವಾತಂತ್ರ್ಯ ನಿಮ್ಮ ವೈದ್ಯರಿಗೂ ಇಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ. ಇದಕ್ಕೆ ಅಪವಾದಗಳಿವೆ: ಇನ್ನೊಬ್ಬರಿಗೆ ಹಿಂಸೆಯಾಗುವುದನ್ನು ತಡೆಯಬೇಕಾದಾಗ, ಜೀವಕ್ಕೆ ಅಪಾಯವಿದ್ದಾಗ, ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಬಂದಾಗ, ಹೈಕೋರ್ಟ್‌ನಂಥ ಅಧಿಕಾರಸ್ಥಾನ ಆದೇಶಿಸಿದಾಗ. ಈ ಅಪವಾದಗಳು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಹೆಂಡತಿಯನ್ನು ಸುಡುತ್ತೇನೆ ಎಂದವನ ಗುಟ್ಟನ್ನು ವೈದ್ಯರು ಕಾಯಬೇಕಿಲ್ಲ.

ನಿರಾಕರಿಸಿದರೆ

ಬಾಯಿಮಾತಿನ ‘ಆಗುವುದಿಲ್ಲ’ ಒಪ್ಪಬೇಡಿ, ಲಿಖಿತ ಹಿಂಬರಹ ಕೇಳಿ. ಕಾರಣವನ್ನು ದಾಖಲಿಸಲೇಬೇಕೆಂದು ಶಸ್ತ್ರಾಸ್ತ್ರ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಅರ್ಜಿದಾರರು ಕೇಳಿದರೆ, ಸಾರ್ವಜನಿಕ ಹಿತಕ್ಕೆ ಧಕ್ಕೆಯಿಲ್ಲದಿದ್ದರೆ, ಅದರ ಸಾರಾಂಶವನ್ನೂ ಕೊಡಬೇಕು. ಕಾರಣದ ಜಾಗದಲ್ಲಿ ಹಳೆಯ ಚಿಕಿತ್ಸೆಯೊಂದೇ ಇದ್ದರೆ ವಕೀಲರನ್ನು ಕಂಡು, ಗಡುವು ಮೀರುವ ಮೊದಲೇ ಅದೇ ಕಾಯ್ದೆಯ 18ನೇ ಸೆಕ್ಷನ್‌ನಡಿ ಮೇಲ್ಮನವಿ ಸಲ್ಲಿಸಿ. ಬೇರೆ ಕಾರಣಕ್ಕೂ ‘ಅನರ್ಹ’ ಎನ್ನುವ ಅಧಿಕಾರ ಆಯುಕ್ತರಿಗಿದೆ ಎಂಬುದು ನೆನಪಿರಲಿ.

ಈಗಲೇ ಚಿಕಿತ್ಸೆಯಲ್ಲಿದ್ದರೆ

ಇದನ್ನು ಎರಡು ಸಲ ಓದಿ. ಪರವಾನಗಿ ತಪ್ಪೀತೆಂದು ಮಾತ್ರೆ ನಿಲ್ಲಿಸಬೇಡಿ, ವೈದ್ಯರನ್ನು ತಪ್ಪಿಸಬೇಡಿ. ಅರ್ಜಿಯನ್ನು ಮುಂದಿನ ವರ್ಷವೂ ಹಾಕಬಹುದು.

ಮನೆಯಲ್ಲಿ ಆಗಲೇ ಕೋವಿ ಇದ್ದು, ಯಾರಾದರೂ ಊಟ ಬಿಟ್ಟು, ನಿದ್ದೆ ಬಿಟ್ಟು, ‘ಬದುಕಿ ಏನು ಮಾಡಲಿ’ ಎನ್ನುತ್ತಿದ್ದರೆ ಕೋವಿಯನ್ನು ಮನೆಯಿಂದ ದಾಟಿಸಿ. ಪರವಾನಗಿದಾರರು ಅದನ್ನು ಪರವಾನಗಿಯುಳ್ಳ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡಬಹುದು; ಠಾಣೆಯಲ್ಲೂ ವಿಚಾರಿಸಿ. ಕೋವಿಯ ಸಂಖ್ಯೆ, ತೋಟೆಗಳ ಎಣಿಕೆ ಎರಡೂ ಇರುವ ರಸೀದಿ ಪಡೆಯಿರಿ. ಅಲ್ಲಿಯವರೆಗೆ ಕೋವಿ ಒಂದು ಬೀರುವಿನಲ್ಲಿ, ತೋಟೆ ಇನ್ನೊಂದರಲ್ಲಿ. ಬೀಗದ ಕೈ ನೊಂದವರಿಗೆ ಸಿಗದ ಕಡೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೈಲ್‌ಪೊಳ್ದಿನಂದು ಪೂಜೆಗೊಳ್ಳುವ ಕೋವಿಯ ವಿಷಯದಲ್ಲೂ ಈ ಎಚ್ಚರ ಮನೆಯವರದೇ.

ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಲು ಬೆಳಗಾಗುವವರೆಗೆ ಕಾಯಬೇಕಾಗಿ ಬಂದರೆ ಆ ರಾತ್ರಿಯೇ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.