ಐವತ್ತು ದಾಟಿದ ಅಕೌಂಟೆಂಟ್ ಕೆಲಸ ಹುಡುಕುವುದು ಹೇಗೆ?

ಮೊದಲು ಕಾನೂನಿನ ಆಸೆ ಬಿಡಿ. ವಯಸ್ಸಾಯಿತೆಂದು ಕೆಲಸ ನಿರಾಕರಿಸುವ ಖಾಸಗಿ ಕಂಪನಿಯನ್ನು ತಡೆಯುವ ಕಾಯ್ದೆ ಅಮೆರಿಕದಲ್ಲಿ 1967ರಲ್ಲೇ ಬಂತು, ನಮ್ಮಲ್ಲಿ ಇಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯ ಮಾತಾಡುತ್ತದೆ. ಅದರ ಪಟ್ಟಿಯಲ್ಲೂ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವೆ, ವಯಸ್ಸಿಲ್ಲ. ‘35 ವರ್ಷದೊಳಗಿನವರು ಮಾತ್ರ’ ಎಂಬ ಜಾಹೀರಾತು ಕಂಡರೆ ಸಿಟ್ಟು ಬರಲಿ, ವಕೀಲರ ಶುಲ್ಕ ಉಳಿಯಲಿ.

ನಾನು ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕ ಬರೆದವಳು. ಕಾರ್ಖಾನೆ ಮುಚ್ಚಿದಾಗ ಐವತ್ತು ದಾಟಿತ್ತು. ನಮ್ಮಂಥವರಿಗೆ ಹೊಂದುವುದನ್ನಷ್ಟೇ ಹೇಳುತ್ತೇನೆ. ಸಾಫ್ಟ್‌ವೇರ್‌ನವರ ಲೋಕ ಬೇರೆ.

ಬಯೋಡೇಟಾದಿಂದ ಹುಟ್ಟಿದ ತಾರೀಖು, ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಎರಡನ್ನೂ ತೆಗೆಯಿರಿ. ಕೊನೆಯ ಹತ್ತು ಹನ್ನೆರಡು ವರ್ಷಗಳ ಕೆಲಸ ಸಾಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ನಮ್ಮ ವ್ಯಾಟ್ ಪಾಂಡಿತ್ಯ ಯಾರಿಗೂ ಬೇಡ. ‘ಟ್ಯಾಲಿ ಬರುತ್ತದೆ’ ಎನ್ನುವ ಬದಲು ಇ-ಇನ್‌ವಾಯ್ಸ್, ಇ-ವೇ ಬಿಲ್ ಮಾಡುತ್ತೇನೆ, ಖರೀದಿ ಪುಸ್ತಕವನ್ನು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯ ಜೊತೆ ತಾಳೆ ನೋಡುತ್ತೇನೆ, ಪ್ರತಿ ತಿಂಗಳ 11ರೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಕಟ್ಟುವ 3ಬಿ ಸಲ್ಲಿಸುತ್ತೇನೆ ಎಂದು ಬರೆಯಿರಿ. ಸುಳ್ಳು ವಯಸ್ಸು ಮಾತ್ರ ಬೇಡ. ಸೇರುವ ದಿನ ಪ್ಯಾನ್, ಆಧಾರ್ ಕೊಡಲೇಬೇಕಲ್ಲ.

ಉದ್ಯೋಗ ಜಾಲತಾಣಗಳಲ್ಲಿ ಅನುಭವದ ವರ್ಷ, ಸಂಬಳ ಎಂಬ ಜರಡಿಗಳಿವೆ. ಯಾರಾದರೂ ಓದುವ ಮೊದಲೇ ನಮ್ಮ ಅರ್ಜಿ ಅಲ್ಲಿ ಉದುರಿಹೋಗುತ್ತದೆ. ಆದ್ದರಿಂದ ನೀವು ಬರೆದ ಪುಸ್ತಕಗಳನ್ನು ಆಡಿಟ್ ಮಾಡಿದವರಿಗೆ ಫೋನ್ ಮಾಡಿ. ಯಾವ ಕಂಪನಿಯ ಲೆಕ್ಕ ಗೋಜಲಾಗಿದೆ, ಎಲ್ಲಿ ಹುಡುಗ ನಡುವೆಯೇ ಕೆಲಸ ಬಿಟ್ಟ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಅವರು ‘ಈಕೆಯ ಲೆಕ್ಕ ನೋಡಿದ್ದೇನೆ’ ಎಂದರೆ ಮಾಲೀಕ ವಯಸ್ಸು ಕೇಳುವುದನ್ನೇ ಮರೆಯುತ್ತಾನೆ. ನನಗೆ ಕೆಲಸ ಸಿಕ್ಕಿದ್ದು ಹೀಗೆಯೇ. ಜುಲೈ, ಆಗಸ್ಟ್‌ನಲ್ಲಿ ಕೇಳುವುದು ಮೇಲು. ತೆರಿಗೆ ಆಡಿಟ್ ವರದಿಯ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ 30. ಆ ತಿಂಗಳು ಆಡಿಟರ್ ಹೆಂಡತಿಯ ಫೋನನ್ನೂ ಎತ್ತುವುದಿಲ್ಲ.

ಸಂದರ್ಶನದಲ್ಲಿ ‘ನಮ್ಮದು ಯಂಗ್ ಟೀಮ್’ ಎಂದರೆಂದರೆ ಒಳಗೆ ಎರಡು ಅನುಮಾನಗಳಿವೆ: ಈಕೆ ಹೆಚ್ಚು ಸಂಬಳ ಕೇಳುತ್ತಾಳೆ, ಮೂವತ್ತರ ಮ್ಯಾನೇಜರ್ ಹೇಳಿದ್ದನ್ನು ಕೇಳುವುದಿಲ್ಲ. ಅವರು ಬಾಯಿ ಬಿಡುವುದಿಲ್ಲ, ನೀವೇ ಬಿಡಿ. ‘ಹಿಂದಿನ ಫೈನಾನ್ಸ್ ಮ್ಯಾನೇಜರ್ ನನಗಿಂತ ತುಂಬಾ ಚಿಕ್ಕವರು, ಬ್ಯಾಂಕಿಗೆ ಕೊಡಲು ನಾನು ಬರೆದ ಸ್ಟಾಕ್ ಸ್ಟೇಟ್‌ಮೆಂಟ್ (ದಾಸ್ತಾನಿನ ಪಟ್ಟಿ) ಪ್ರತಿ ತಿಂಗಳೂ ಅವರೇ ತಿದ್ದುತ್ತಿದ್ದರು’ ಎಂದು ನಾನು ಹೇಳಿದೆ. ಸಂಬಳದ ಅಂಕಿಯನ್ನೂ ಮೊದಲೇ ಹೇಳಿದೆ. ಸ್ವಲ್ಪ ಇಳಿಯಬಹುದು, ಅರ್ಧಕ್ಕೆ ಇಳಿಯಬೇಡಿ. ತಲೆಗೆ ಬಣ್ಣ ಹಚ್ಚಬೇಕೇ ಎಂದು ಬಹಳ ಜನ ಕೇಳುತ್ತಾರೆ. ನಿಮ್ಮಿಷ್ಟ, ನಾನು ಹಚ್ಚಲಿಲ್ಲ.

‘ಕನ್ಸಲ್ಟೆಂಟ್ ಆಗಿ ಬನ್ನಿ’ ಎಂದರೆ ಎಚ್ಚರ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಕೆಲಸ ಮಾತ್ರ ಇಡೀ ದಿನದ್ದು. ಒಪ್ಪುವುದಾದರೆ ವಾರಕ್ಕೆ ಮೂರು ದಿನ ಎಂದು ಬರೆಸಿಕೊಂಡು, ಉಳಿದ ದಿನಗಳಿಗೆ ಇನ್ನೊಂದು ಕಂಪನಿಯ ಲೆಕ್ಕ ಹಿಡಿಯಿರಿ. ಪಿಎಫ್ ಪಿಂಚಣಿಗೆ ಬೇಕಾದ 10 ವರ್ಷಗಳ ಸೇವೆ ತುಂಬದವರು ಮಾತ್ರ ಪಿಎಫ್ ಇರುವ ಕೆಲಸಕ್ಕೇ ಪಟ್ಟು ಹಿಡಿಯಬೇಕು. ಸೇರುವಾಗ ಹಳೆಯ ಯುಎಎನ್ ಸಂಖ್ಯೆಯನ್ನೇ, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯನ್ನೇ, ಕೊಡಿ.