100ಜಿ ಲಿಂಕ್ ಏಳ್ತಿಲ್ವಾ? ಮಾಡ್ಯೂಲ್ ಬದಲಿಸೋ ಮುಂಚೆ ಇದನ್ನ ನೋಡಿ

ವೈಟ್‌ಫೀಲ್ಡ್, ನೈಟ್ ಶಿಫ್ಟ್, ರಾತ್ರಿ ಎರಡು ಗಂಟೆ. ಡೇಟಾ ಸೆಂಟರ್‌ನ ಎರಡು ನೆಟ್‌ವರ್ಕ್ ಸ್ವಿಚ್‌ಗಳ ನಡುವೆ ಒಂದು 100ಜಿ (ಸೆಕೆಂಡಿಗೆ 100 ಗಿಗಾಬಿಟ್) ಫೈಬರ್ ಲಿಂಕ್ ಏಳಬೇಕಿತ್ತು, ಏಳಲಿಲ್ಲ. ಈ ಕಡೆ ಮಾಡ್ಯೂಲ್ (ಸ್ವಿಚ್‌ಗೆ ಚುಚ್ಚುವ, ಬೆಳಕು ಕಳಿಸಿ ಪಡೆಯುವ ಪುಟ್ಟ ಸಾಧನ) ಬದಲಿಸಿದೆ. ಆ ಕಡೆಯದನ್ನೂ ಬದಲಿಸಿದೆ. ಊಹೂಂ. ಮೂರನೆಯದನ್ನು ತರಲು ಸ್ಟೋರ್‌ಗೆ ಹೊರಟಾಗ ಕೇಬಲ್ ತುದಿಯ ಪುಟ್ಟ ಸ್ಟಿಕ್ಕರ್ ಕಣ್ಣಿಗೆ ಬಿತ್ತು: ಟೈಪ್ ಎ. ಕೇಬಲ್ಲೇ ತಪ್ಪು. ಎರಡು ಗಂಟೆ ದಂಡ.

ಅವತ್ತಿನಿಂದ ನಾನು ಮಾಡ್ಯೂಲನ್ನು ಕೊನೆಗೆ ಅನುಮಾನಿಸುತ್ತೇನೆ. ಮೊದಲು ಕೇಬಲ್, ಆಮೇಲೆ ಕೊಳೆ.

ನಮ್ಮಲ್ಲಿ ಜಾಸ್ತಿ ಇರುವುದು ಎಸ್‌ಆರ್4 ಅನ್ನುವ, ಕಡಿಮೆ ದೂರಕ್ಕೆ ಬಳಸುವ ಮಾಡ್ಯೂಲ್. 850 ನ್ಯಾನೋಮೀಟರ್ ಬೆಳಕು, ನಾಲ್ಕು ಲೇನ್ (ಒಟ್ಟಿಗೇ ಓಡುವ ದಾರಿಗಳು), ಒಂದೊಂದರಲ್ಲಿ 25ಜಿ. ಕೇಬಲ್ ತುದಿಯ ಚಪ್ಪಟೆ ಎಂಪಿಒ ಕನೆಕ್ಟರ್‌ನಲ್ಲಿ ಹನ್ನೆರಡು ಫೈಬರ್ ಸಾಲಾಗಿ ಕೂತಿರುತ್ತವೆ. 1ರಿಂದ 4 ಕಳಿಸುತ್ತವೆ, 9ರಿಂದ 12 ಪಡೆಯುತ್ತವೆ. ನಡುವಿನ ನಾಲ್ಕಕ್ಕೆ ಕೆಲಸವಿಲ್ಲ. ಟೈಪ್ ಬಿ ಕೇಬಲ್‌ನಲ್ಲಿ ಒಂದನೇ ಫೈಬರ್ ಆ ತುದಿಯಲ್ಲಿ ಹನ್ನೆರಡನೆಯದಾಗುತ್ತದೆ. ಹಾಗಾಗಿ ಇಲ್ಲಿ ಕಳಿಸಿದ್ದು ಅಲ್ಲಿ ಪಡೆಯುವ ಕಡೆಗೇ ಹೋಗುತ್ತದೆ. ಟೈಪ್ ಎ ನೇರ ಕೇಬಲ್, ಒಂದಕ್ಕೆ ಒಂದು. ಎರಡೂ ಕಡೆಯವರು ಒಬ್ಬರ ಮುಖಕ್ಕೊಬ್ಬರು ಕೂಗಿದ ಹಾಗೆ, ಕೇಳಿಸಿಕೊಳ್ಳುವವರೇ ಇಲ್ಲ. ಮಾಡ್ಯೂಲ್‌ನಿಂದ ಮಾಡ್ಯೂಲ್‌ಗೆ ನೇರವಾಗಿ ಎಳೆಯುವುದಾದರೆ ಟೈಪ್ ಬಿ ಬೇಕು. ಮಾಡ್ಯೂಲ್ ಒಳಗೆ ಪಿನ್ ಇರುತ್ತದೆ, ಅದಕ್ಕೆ ಕೇಬಲ್ ತುದಿಯಲ್ಲಿ ಪಿನ್ ಇರಬಾರದು, ತೂತು ಇರಬೇಕು.

ಬಣ್ಣ ನೋಡಿ ಮೋಸಹೋಗಬೇಡಿ. ಎಸ್‌ಆರ್4ಗೆ ಬೇಕಾದ ಮಲ್ಟಿಮೋಡ್ ಫೈಬರ್‌ನಲ್ಲಿ ಓಎಂ3, ಓಎಂ4 ಅಂತ ದರ್ಜೆಗಳಿವೆ. ತಿಳಿ ನೀಲಿ-ಹಸಿರು ಕೇಬಲ್ ಓಎಂ3 ಕೂಡ ಆಗಿರಬಹುದು, ಓಎಂ4 ಕೂಡ. ಕೇಬಲ್ ಮೈಮೇಲೆ ಅಚ್ಚಾಗಿರುವುದನ್ನು ಓದಿ. ಓಎಂ3ರಲ್ಲಿ 70 ಮೀಟರ್, ಓಎಂ4ರಲ್ಲಿ 100 ಮೀಟರ್, ಅಷ್ಟೇ. 10ಜಿ ಕಾಲದಲ್ಲಿ ಓಎಂ3ರ ಮೇಲೇ 300 ಮೀಟರ್ ಓಡಿಸಿದವರಿಗೆ ಇದು ನಂಬಲು ಕಷ್ಟ. ಹಳದಿ ಕೇಬಲ್ ಕೈಗೆ ಸಿಕ್ಕರೆ ವಾಪಸ್ ಇಡಿ, ಅದು ಸಿಂಗಲ್ ಮೋಡ್, ಎಸ್‌ಆರ್4ಗೆ ಆಗುವುದಿಲ್ಲ.

ಈಗ ಕೊಳೆ. ಫೈಬರ್‌ನಲ್ಲಿ ಬೆಳಕು ಹರಿಯುವ ಕೋರ್ 50 ಮೈಕ್ರಾನ್, ನಮ್ಮ ತಲೆಕೂದಲಿಗಿಂತ ಸಣ್ಣದು. ಒಂದು ಧೂಳಿನ ಕಣ ಸಾಕು. ಹೊಸ ಕೇಬಲ್, ಈಗ ತಾನೇ ಕ್ಯಾಪ್ ತೆಗೆದದ್ದು, ಕ್ಲೀನೇ ಇರುತ್ತೆ ಅಂತೀರಾ? ಆ ಕ್ಯಾಪ್ ಒಳಗೂ ಧೂಳು ಇರುತ್ತದೆ ಸ್ವಾಮಿ. ರಟ್ಟಿನ ಡಬ್ಬವನ್ನಂತೂ ಹಾಲ್ ಒಳಗೆ ತರಲೇಬೇಡಿ, ಹೊರಗೇ ಬಿಚ್ಚಿ. ಎಂಪಿಒಗೆ ಅಂತಲೇ ಇರುವ ಕ್ಲಿಕ್ ಕ್ಲೀನರ್ ತಗೊಂಡು ಕೇಬಲ್ ತುದಿ ಒರೆಸಿ. ಮಾಡ್ಯೂಲ್ ಬಾಯನ್ನೂ ಒರೆಸಿ. ಹೆಚ್ಚಿನವರು ಇಲ್ಲೇ ಎಡವುವುದು. ಕೇಬಲ್ ಒರೆಸಿ ಕೊಳಕು ಮಾಡ್ಯೂಲ್‌ಗೆ ಚುಚ್ಚಿದರೆ ಏನು ಬಂತು? ಸ್ಕೋಪ್ (ಫೈಬರ್ ತುದಿ ನೋಡುವ ಸೂಕ್ಷ್ಮದರ್ಶಕ) ಇದ್ದರೆ ಒರೆಸುವ ಮುಂಚೆ, ಒರೆಸಿದ ಮೇಲೆ, ಎರಡು ಸಲ ನೋಡಿ. ಬರಿಗಣ್ಣಲ್ಲಿ ಮಾತ್ರ ಇಣುಕಬೇಡಿ, ಈ ಬೆಳಕು ಕಣ್ಣಿಗೆ ಕಾಣಿಸುವುದಿಲ್ಲ.

ಕನೆಕ್ಟರ್ ಹಾಕುವಾಗ ಹಿಂದಿನ ರಬ್ಬರ್ ಬಾಲ ಹಿಡಿದು ತಳ್ಳಿ, ಟಕ್ ಅನ್ನಬೇಕು. ತೆಗೆಯುವಾಗ ಹೊರಗಿನ ಜಾರುವ ಕವಚ ಹಿಡಿದು ಎಳೆಯಿರಿ. ಕೇಬಲ್ ಹಿಡಿದು ಎಳೆದರೆ ಬರುವುದು ಕೇಬಲ್ ಮಾತ್ರ.

ಇನ್ನು ಸ್ವಿಚ್‌ನಲ್ಲಿ ಆಪ್ಟಿಕಲ್ ಪವರ್ ನೋಡಿ. ಸರ್ವರ್ ಕಡೆಯಾದರೆ ಲಿನಕ್ಸ್‌ನ ಇಥ್‌ಟೂಲ್ ಕಮಾಂಡ್ ಅದನ್ನೇ ತೋರಿಸುತ್ತದೆ. ಪ್ರತಿ ಲೇನ್‌ಗೆ ಬರುವ ಬೆಳಕು −10.3ರಿಂದ +2.4 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಒಳಗಿರಬೇಕು. ನಾಲ್ಕೂ ಲೇನ್ ಸತ್ತಿದ್ದು, ಆ ತುದಿ ಬೆಳಕು ಕಳಿಸುತ್ತಲೇ ಇದ್ದರೆ, ನನ್ನ ಟೈಪ್ ಎ ಕತೆ ನೆನಪಿಸಿಕೊಳ್ಳಿ. ಮೂರು ಲೇನ್ 0 ಡಿಬಿಎಂ ಆಸುಪಾಸು, ಒಂದು ಮಾತ್ರ −7.8 ಅಂದರೆ? ಲೆಕ್ಕದ ಪ್ರಕಾರ ಅದು ಮಿತಿಯ ಒಳಗೇ ಇದೆ. ಆದರೂ ನಾನು ಬಿಡುವುದಿಲ್ಲ, ಬಿಚ್ಚಿ ಮತ್ತೆ ಒರೆಸುತ್ತೇನೆ. ಒಂದು ಲೇನ್ ಕೈಕೊಟ್ಟರೆ 75ಜಿ ಸಿಗುವುದಿಲ್ಲ, ಇಡೀ ಲಿಂಕೇ ಬೀಳುತ್ತದೆ.

ಬೆಳಕು ಎಲ್ಲ ಸರಿಯಿದ್ದೂ ಏಳದಿದ್ದರೆ ಎಫ್‌ಇಸಿ, ಅಂದರೆ ದಾರಿಯಲ್ಲಿ ಆದ ತಪ್ಪುಗಳನ್ನು ತಿದ್ದುವ ಸೆಟ್ಟಿಂಗ್, ನೋಡಿ. ಎಸ್‌ಆರ್4ಗೆ ಅದರಲ್ಲಿ ಆರ್‌ಎಸ್-ಎಫ್‌ಇಸಿ ಅನ್ನುವ ಬಗೆ ಬೇಕೇ ಬೇಕು, ಎರಡೂ ತುದಿಯಲ್ಲಿ. ಒಂದು ಕಡೆ ಯಾರೋ ಆಫ್ ಮಾಡಿಟ್ಟಿರುತ್ತಾರೆ. ಇಷ್ಟೆಲ್ಲ ಆದಮೇಲೂ ಏಳದಿದ್ದರೆ ಆಗ ಸ್ಟೋರ್‌ಗೆ ಹೋಗಿ ಹೊಸ ಮಾಡ್ಯೂಲ್ ತನ್ನಿ.